ಬಿಎಫ್‌ಸಿಯ ಸುವರ್ಣ ದಿನಗಳು: ನಾವು ತಪ್ಪಾಗಿ ನೆನಪಿಟ್ಟುಕೊಂಡಿದ್ದು ಏನೇನು?

(ದೃಶ್ಯ: ಬಳ್ಳಾರಿಯ ಮುನ್ಸಿಪಲ್ ಮೈದಾನ, ಸಂಜೆ. ಹುಡುಗರು ಚಪ್ಪಲಿ ಇಟ್ಟು ಗೋಲ್‌ಪೋಸ್ಟ್ ಮಾಡಿಕೊಂಡಿದ್ದಾರೆ. ಚೆಂಡು ಹೋದ ಕಡೆಯೆಲ್ಲ ಕೆಂಪು ಧೂಳು.)

ನಮಸ್ಕಾರ. ಹೋದ ಭಾನುವಾರ ಇದೇ ಮೈದಾನದಲ್ಲಿ ಒಂದು ದೊಡ್ಡ ವಾದ ನಡೆಯಿತು. ಈ ವಿಡಿಯೋ ಹುಟ್ಟಿದ್ದೇ ಅದರಿಂದ.

ನನ್ನ ಅಕ್ಕನ ಮಗ ಒಂಬತ್ತನೇ ಕ್ಲಾಸ್ ಓದುತ್ತಾನೆ. ಬೆಂಗಳೂರು ಎಫ್‌ಸಿ, ಅದೇ ನಮ್ಮ ಬಿಎಫ್‌ಸಿ ಫುಟ್‌ಬಾಲ್ ತಂಡ, ಅಂದರೆ ಜೀವ. ಬೆನ್ನ ಮೇಲೆ 11 ಅಂತ ಬರೆದ ನೀಲಿ ಜೆರ್ಸಿಯನ್ನು ಒಗೆಯೋಕೂ ಕೊಡುವುದಿಲ್ಲ. ಆಟ ಮುಗಿದ ಮೇಲೆ ಎಲ್ಲರೂ ಒಗ್ಗರಣೆ-ಮಿರ್ಚಿ ತಿನ್ನುತ್ತಾ ಕೂತಿದ್ದೆವು. ಅವನು ಗೆಳೆಯರ ಮುಂದೆ ಶುರು ಮಾಡಿದ. "ನಮ್ಮ ಟೀಮ್ ನಾಲ್ಕು ಸಲ ಐಎಸ್‌ಎಲ್ ಗೆದ್ದೈತೆ. ಏಷ್ಯಾದ ಕಪ್ಪೂ ಗೆದ್ದೈತೆ. ಎಲ್ಲಾ ಇಲ್ಲೇ ತೋರಣಗಲ್ಲಲ್ಲಿ ಪ್ರಾಕ್ಟೀಸ್ ಮಾಡಿ ಗೆದ್ದಿದ್ದು." ಪಕ್ಕದಲ್ಲಿದ್ದ ಕೌಲ್ ಬಜಾರಿನ ಹುಡುಗ ಬಿಡಲಿಲ್ಲ. "ಸುಳ್ಳು ಹೇಳ್ಬೇಡ. ಒಂದೇ ಒಂದು ಸಲ ಗೆದ್ದಿರೋದು. ಅದು ಬಿಟ್ರೆ ಏನೂ ಇಲ್ಲ." ಇಬ್ಬರೂ ನನ್ನ ಕಡೆ ತಿರುಗಿದರು. "ಮಾಮಾ, ನೀನೇ ಹೇಳು."

ಇಬ್ಬರ ಮಾತೂ ಸರಿಯಿರಲಿಲ್ಲ. ಆದರೆ ತಪ್ಪು ಹುಡುಗರದ್ದಲ್ಲ. ಇದೇ ಮಾತುಗಳನ್ನು ನಾನು ದೊಡ್ಡವರ ಬಾಯಲ್ಲೂ ಕೇಳಿದ್ದೇನೆ. ಈ ತಂಡ ಹುಟ್ಟಿ ಇನ್ನೂ ಹದಿನೈದು ವರ್ಷ ಆಗಿಲ್ಲ. ಅಷ್ಟರಲ್ಲೇ ಅದರ ಒಳ್ಳೆಯ ದಿನಗಳ ಲೆಕ್ಕ ತಪ್ಪಿಹೋಗಿದೆ ಅಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಅದಕ್ಕೇ ಇವತ್ತು ಕೂತು ಮಾತಾಡೋಣ.

(ತೆರೆಯ ಮೇಲೆ: 2013)

ಮೊದಲು ಐಎಸ್‌ಎಲ್ ವಿಷಯ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್, ಶುರುವಾಗಿದ್ದು 2014ರಲ್ಲಿ. ಬಿಎಫ್‌ಸಿ ಶುರುವಾಗಿದ್ದು ಅದಕ್ಕೂ ಒಂದು ವರ್ಷ ಮೊದಲು, 2013ರ ಜುಲೈಯಲ್ಲಿ. ಜಿಂದಾಲ್‌ರ ಜೆಎಸ್‌ಡಬ್ಲ್ಯು ಗುಂಪು ಕಟ್ಟಿದ ಈ ತಂಡ ಸೇರಿದ್ದು ಐ-ಲೀಗ್ ಅನ್ನೋ ಬೇರೆ ಲೀಗ್‌ಗೆ. ಐಎಸ್‌ಎಲ್‌ನ ಮೊದಲ ಮೂರು ಸೀಸನ್‌ಗಳಲ್ಲಿ, ಅಂದರೆ 2014, 2015, 2016ರಲ್ಲಿ, ಬಿಎಫ್‌ಸಿ ಅಲ್ಲಿ ಇರಲೇ ಇಲ್ಲ. ಅಲ್ಲಿಗೆ ಕಾಲಿಟ್ಟಿದ್ದು 2017-18ರಲ್ಲಿ.

ಹಾಗಾದರೆ ಬಿಎಫ್‌ಸಿಯ ದೊಡ್ಡ ಆಟಗಾರ ಸುನಿಲ್ ಛೆಟ್ರಿ ಆಗ ಐಎಸ್‌ಎಲ್‌ನಲ್ಲಿ ಆಡಿದ ಫೋಟೋ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಜೆರ್ಸಿ ಸರಿಯಾಗಿ ನೋಡಿ. ಅದು ಮುಂಬೈ ಸಿಟಿಯದ್ದು. 2015ರ ಹರಾಜಿನಲ್ಲಿ ಮುಂಬೈ ಅವರನ್ನು 1.2 ಕೋಟಿ ರೂಪಾಯಿಗೆ ತೆಗೆದುಕೊಂಡಿತ್ತು. ಯುಜೀನ್‌ಸನ್ ಲಿಂಗ್ಡೋ ಪುಣೆಗೆ ಹೋಗಿದ್ದರು. ಆಗ ಎರಡು ಟೂರ್ನಿ ಬೇರೆ ಬೇರೆ ತಿಂಗಳಲ್ಲಿ ನಡೆಯುತ್ತಿದ್ದವು. ಆಟಗಾರರು ಎರಡು ಮೂರು ತಿಂಗಳು ಐಎಸ್‌ಎಲ್ ಆಡಿ ತಮ್ಮ ಕ್ಲಬ್‌ಗೆ ವಾಪಸ್ ಬರುತ್ತಿದ್ದರು.

ಈಗ ಇಲ್ಲೊಂದು ಮುಖ್ಯ ಮಾತು. ದಯವಿಟ್ಟು ಇದನ್ನು ಸರಿಯಾಗಿ ಕೇಳಿ, ಯಾಕೆಂದರೆ ಉಳಿದ ಗೊಂದಲಕ್ಕೆಲ್ಲ ಇದೇ ಬೇರು.

ಈಗಿನ ಹುಡುಗರಿಗೆ ಐ-ಲೀಗ್ ಅಂದರೆ ಎರಡನೇ ದರ್ಜೆ. ಐ-ಲೀಗ್ ಗೆದ್ದವರು ಮೇಲಕ್ಕೆ ಹತ್ತಿ ಐಎಸ್‌ಎಲ್ ಸೇರುವ ನಿಯಮ 2022-23ರಲ್ಲಿ ಬಂತು. ಪಂಜಾಬ್ ತಂಡ ಆ ಸೀಸನ್ ಗೆದ್ದು ಹಾಗೇ ಹೋಯಿತು. ಹೀಗಾಗಿ "ಬಿಎಫ್‌ಸಿ ಎರಡು ಐ-ಲೀಗ್ ಗೆದ್ದಿದೆ" ಅಂದರೆ ಅವರ ಕಿವಿಗೆ ಅದು "ಕೆಳಗಿನ ಲೀಗ್ ಗೆದ್ದಿದೆ" ಅಂತ ಕೇಳಿಸುತ್ತದೆ. ಆದರೆ 2014ರಲ್ಲಿ ಹಾಗಿರಲಿಲ್ಲ. ಆಗ ದೇಶದ ದೊಡ್ಡ ಲೀಗ್ ಅಂದರೆ ಐ-ಲೀಗ್ ಮಾತ್ರ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಡೆಂಪೊ, ಸಾಲ್ಗಾಂವ್ಕರ್, ಚರ್ಚಿಲ್, ಎಲ್ಲಾ ಅಲ್ಲೇ. ಏಷ್ಯಾದ ಟೂರ್ನಿಗೆ ಭಾರತದಿಂದ ಹೋಗಬೇಕಾದರೂ ಐಎಸ್‌ಎಲ್‌ನಿಂದ ದಾರಿ ಇರಲಿಲ್ಲ. ಐ-ಲೀಗ್ ಗೆಲ್ಲಬೇಕಿತ್ತು, ಇಲ್ಲವೇ ದೇಶದ ಕ್ಲಬ್‌ಗಳ ನಾಕೌಟ್ ಟೂರ್ನಿಯಾದ ಫೆಡರೇಷನ್ ಕಪ್. ಇವತ್ತಿನ ಕನ್ನಡಕ ಹಾಕಿಕೊಂಡು ಅವತ್ತಿನ ಕಪ್ ನೋಡಿದರೆ ಅದು ಚಿಕ್ಕದಾಗಿ ಕಾಣುತ್ತದೆ. ಅದು ಚಿಕ್ಕ ಕಪ್ ಅಲ್ಲವೇ ಅಲ್ಲ.

ಆ ಮೊದಲ ವರ್ಷವನ್ನು ಒಮ್ಮೆ ನೆನಪಿಸಿಕೊಳ್ಳಿ. 2013ರ ಸೆಪ್ಟೆಂಬರ್ 22. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಹೌದು, ಕಂಠೀರವ ಅಲ್ಲ, ಅಲ್ಲಿಗೆ ಹೋಗಿದ್ದು ಮುಂದಿನ ವರ್ಷ. ಎದುರಿಗೆ ನೂರು ವರ್ಷ ದಾಟಿದ ಮೋಹನ್ ಬಾಗಾನ್. ಈ ಕಡೆ ಹುಟ್ಟಿ ಎರಡು ತಿಂಗಳಾದ ತಂಡ. ಕೋಚ್ ಆಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನವರು. ಪಂದ್ಯ 1-1ಕ್ಕೆ ಮುಗಿಯಿತು. ಆಮೇಲೆ ಏಳು ತಿಂಗಳಲ್ಲಿ, 2014ರ ಏಪ್ರಿಲ್ 21ಕ್ಕೆ, ಅದೇ ತಂಡ ಗೋವಾದ ಫತೋರ್ಡಾಗೆ ಹೋಗಿ ಡೆಂಪೊವನ್ನು 4-2ರಿಂದ ಸೋಲಿಸಿತು. ಇನ್ನೂ ಒಂದು ಪಂದ್ಯ ಬಾಕಿ ಇರುವಾಗಲೇ ಚಾಂಪಿಯನ್. ಮೊದಲ ವರ್ಷವೇ ಲೀಗ್! ಅದೂ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ತಂಡದ ಊರಿಗೆ ಹೋಗಿ.

2015-16ರಲ್ಲಿ ಮತ್ತೆ ಗೆದ್ದರು, ಈ ಸಲ ಕಂಠೀರವದಲ್ಲಿ ಸಾಲ್ಗಾಂವ್ಕರ್ ಮೇಲೆ 2-0.

ನಡುವಿನ ವರ್ಷ? ಅದನ್ನು ಬಹಳ ಜನ ಗೆದ್ದ ವರ್ಷಗಳ ಜೊತೆ ಸೇರಿಸಿಬಿಡುತ್ತಾರೆ. "ಸತತ ಮೂರು ಸಲ" ಅನ್ನುವ ಮಾತು ಬಂದಿದ್ದು ಹಾಗೆ. ಸತ್ಯ ಏನು ಗೊತ್ತಾ? 2015ರ ಮೇ 31, ಲೀಗ್‌ನ ಕೊನೆಯ ದಿನ, ಕಂಠೀರವ. ಬಿಎಫ್‌ಸಿ ಗೆಲ್ಲಲೇಬೇಕು. ಮೋಹನ್ ಬಾಗಾನ್‌ಗೆ ಡ್ರಾ ಸಾಕು. ಮೊದಲ ಅವಧಿಯಲ್ಲೇ ಜಾನ್ ಜಾನ್ಸನ್ ಗೋಲು ಹೊಡೆದರು. 87ನೇ ನಿಮಿಷದವರೆಗೂ ಟ್ರೋಫಿ ಬೆಂಗಳೂರಿನದ್ದೇ. ಆಗ ಬೆಲ್ಲೋ ರಜಾಕ್ ತಲೆ ಕೊಟ್ಟರು. 1-1. ಹದಿಮೂರು ವರ್ಷದ ನಂತರ ಬಾಗಾನ್‌ಗೆ ಲೀಗ್ ಸಿಕ್ಕಿತು. ಮೂರು ನಿಮಿಷ ತಡೆದುಕೊಂಡಿದ್ದರೆ ಆ "ಸತತ ಮೂರು" ನಿಜವಾಗುತ್ತಿತ್ತು.

(ದೃಶ್ಯ: ಬಳ್ಳಾರಿ ರೈಲು ನಿಲ್ದಾಣ, ರಾತ್ರಿ. ಹಂಪಿ ಎಕ್ಸ್‌ಪ್ರೆಸ್ ಪ್ಲಾಟ್‌ಫಾರ್ಮಿಗೆ ಬರುತ್ತಿದೆ.)

ಈಗ 2018. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಾನು ಕಣ್ಣಾರೆ ನೋಡಿದ್ದು.

ಐಎಸ್‌ಎಲ್‌ನಲ್ಲಿ ಬಿಎಫ್‌ಸಿಗೆ ಅದು ಮೊದಲ ಸೀಸನ್. 18 ಪಂದ್ಯ, 40 ಪಾಯಿಂಟ್. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಎಂಟು ಪಾಯಿಂಟ್ ಅಂತರ! ವೆನೆಜುವೆಲಾದ ಮಿಕು 15 ಗೋಲು, ಛೆಟ್ರಿ 14. ಆದರೆ ಕಪ್ ಸಿಗೋದು ಫೈನಲ್ ಗೆದ್ದವರಿಗೆ. ಆ ಫೈನಲ್ ಇದ್ದಿದ್ದೂ ಕಂಠೀರವದಲ್ಲೇ. ಮಾರ್ಚ್ 17, ಶನಿವಾರ. ನಾವು ನಾಲ್ಕು ಜನ ಹಿಂದಿನ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ನಮ್ಮಕ್ಕ ದಾರಿಗೆ ಅಂತ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ಕೊಟ್ಟಿದ್ದಳು. ಅದನ್ನು ಸ್ಟೇಡಿಯಂ ಹೊರಗಿನ ಫುಟ್‌ಪಾತ್ ಮೇಲೆ ಕೂತು ತಿಂದೆವು. ಎಲ್ಲಿ ನೋಡಿದರೂ ನೀಲಿ.

ಒಂಬತ್ತನೇ ನಿಮಿಷ. ಬಲಗಡೆಯಿಂದ ಉದಾಂತ ಸಿಂಗ್ ಚೆಂಡು ಒಳಕ್ಕೆ ಹಾಕಿದರು. ಛೆಟ್ರಿ ಮುಂದಕ್ಕೆ ಹಾರಿ ತಲೆಯಿಂದ ಹೊಡೆದರು. ಗೋಲು. ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು, ಪರಿಚಯವೇ ಇಲ್ಲ, ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಮುಗೀತು, ಕಪ್ ನಮ್ಮದೇ ಅಂದುಕೊಂಡೆವು. ಆಮೇಲೆ ಎರಡು ಕಾರ್ನರ್. ಎರಡಕ್ಕೂ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎಲ್ಲರಿಗಿಂತ ಎತ್ತರಕ್ಕೆ ಎದ್ದರು. 17ನೇ ನಿಮಿಷ ಒಂದು, 45ನೇ ನಿಮಿಷ ಇನ್ನೊಂದು. 67ನೇ ನಿಮಿಷದಲ್ಲಿ ರಾಫೆಲ್ ಅಗಸ್ಟೊ ಮೂರನೆಯದು. ಕೊನೆಗೆ ಮಿಕು ಒಂದು ಗೋಲು ಹಿಂದಿರುಗಿಸಿದರು, ಆದರೆ ಹೊತ್ತು ಮೀರಿತ್ತು. 2-3. ಅವತ್ತು ರಾತ್ರಿ ಬಸ್ಸಿನಲ್ಲಿ ಬಳ್ಳಾರಿವರೆಗೂ ನಾಲ್ವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಈಗ ಬಹಳ ಜನ ಏನಂತಾರೆ? "2018ರಲ್ಲೂ ಬಿಎಫ್‌ಸಿ ಚಾಂಪಿಯನ್ ಅಲ್ವಾ, ಟೇಬಲ್‌ನಲ್ಲಿ ಮೊದಲು ಬಂದಿತ್ತಲ್ಲ, ಶೀಲ್ಡ್ ಸಿಕ್ಕಿರಬೇಕು." ಇಲ್ಲ. ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡುವ ಪದ್ಧತಿ ಶುರುವಾಗಿದ್ದು 2019-20ರಲ್ಲಿ. ಅದಕ್ಕೂ ಹಿಂದಿನ ಎರಡು ಸೀಸನ್‌ನಲ್ಲಿ ಬಿಎಫ್‌ಸಿ ಮೊದಲ ಸ್ಥಾನದಲ್ಲಿತ್ತು. ಶೀಲ್ಡ್ ಮಾತ್ರ ಇರಲಿಲ್ಲ. ನನ್ನ ಲೆಕ್ಕದಲ್ಲಿ ಈ ತಂಡದ ಅತ್ಯಂತ ಒಳ್ಳೆಯ ಲೀಗ್ ಆಟ 2017-18ರದ್ದು. ಅದಕ್ಕೆ ತೋರಿಸೋಕೆ ಒಂದು ಲೋಟವೂ ಇಲ್ಲ ಅನ್ನೋದು ಇವತ್ತಿಗೂ ನುಂಗಲಾರದ ತುತ್ತು.

ಆ ವರ್ಷ ಪೂರ್ತಿ ಖಾಲಿ ಕೈ ಅಂತಲೂ ಅಲ್ಲ. ಒಂದು ತಿಂಗಳ ನಂತರ, ಏಪ್ರಿಲ್ 20ಕ್ಕೆ, ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ಮೇಲೆ 4-1ರಿಂದ ಗೆದ್ದು ಸೂಪರ್ ಕಪ್ ತಂದರು. ಮೊದಲು ಗೋಲು ಬಿಟ್ಟುಕೊಟ್ಟು ಆಮೇಲೆ ನಾಲ್ಕು ಹೊಡೆದಿದ್ದು. ಇದನ್ನು ಯಾರೂ ನೆನಪಿಸುವುದೇ ಇಲ್ಲ.

ಐಎಸ್‌ಎಲ್ ಕಪ್ ಬಂದಿದ್ದು 2019ರ ಮಾರ್ಚ್ 17ಕ್ಕೆ. ದಿನ ನೋಡಿ, ಸೋತು ಸರಿಯಾಗಿ ಒಂದು ವರ್ಷ. ಮುಂಬೈಯಲ್ಲಿ ಎಫ್‌ಸಿ ಗೋವಾ ಎದುರು. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂತು. 117ನೇ ನಿಮಿಷ ದಿಮಾಸ್ ಡೆಲ್ಗಾಡೊ ಕಾರ್ನರ್ ಹಾಕಿದರು, ರಾಹುಲ್ ಭೆಕೆ ತಲೆಯಿಂದ ಒಳಗೆ ಕಳಿಸಿದರು. 1-0. ಲೀಗ್ ಹಂತದಲ್ಲೂ ಮೊದಲು ಬಂದು ಫೈನಲನ್ನೂ ಗೆದ್ದ ಮೊದಲ ಐಎಸ್‌ಎಲ್ ತಂಡ ಇದೇ. ಕೌಲ್ ಬಜಾರಿನ ಹುಡುಗ ಹೇಳಿದ "ಒಂದೇ ಒಂದು ಸಲ" ಇದು. ಅಷ್ಟು ಮಟ್ಟಿಗೆ ಅವನು ಸರಿ. "ಏನೂ ಇಲ್ಲ" ಅಂದಿದ್ದು ತಪ್ಪು.

ಎಲ್ಲಾ ಛೆಟ್ರಿ ಒಬ್ಬರೇ ಮಾಡಿದ್ದು ಅನ್ನೋ ಮಾತೂ ಇದೆ. ಛೆಟ್ರಿ ಇಲ್ಲದೆ ಈ ತಂಡವನ್ನು ಊಹಿಸೋಕೆ ಆಗಲ್ಲ, ನಿಜ. ಮೊದಲ ಐ-ಲೀಗ್‌ನಲ್ಲೇ 14 ಗೋಲು ಅವರದ್ದು. ಆದರೆ 2019ರ ಕಪ್ ತಂದ ಗೋಲು ಒಬ್ಬ ಡಿಫೆಂಡರ್‌ನದ್ದು, ಈಗಷ್ಟೇ ನೋಡಿದಿರಿ. 2017ರ ಫೆಡರೇಷನ್ ಕಪ್ ಫೈನಲ್ ಕಟಕ್‌ನಲ್ಲಿ ನಡೆಯಿತು, ಮತ್ತೆ ಮೋಹನ್ ಬಾಗಾನ್ ಎದುರು. ಹೆಚ್ಚುವರಿ ಸಮಯದಲ್ಲಿ 2-0. ಎರಡೂ ಗೋಲು ಕೇರಳದ ಸಿ.ಕೆ. ವಿನೀತ್ ಅವರದ್ದು. ಜಾನ್ ಜಾನ್ಸನ್ ಐದು ವರ್ಷ ಈ ತಂಡದ ಹಿಂಬದಿ ಕಾದರು. ಇಂಥವರ ಹೆಸರು ಹೇಳದೆ ಆ ದಿನಗಳ ಕಥೆ ಹೇಳಿದರೆ ಅದು ಅರ್ಧ ಕಥೆ.

(ದೃಶ್ಯ: ತೋರಣಗಲ್ಲು ಹತ್ತಿರದ ಹೆದ್ದಾರಿ. ದೂರದಲ್ಲಿ ಉಕ್ಕಿನ ಕಾರ್ಖಾನೆಯ ಚಿಮಣಿಗಳು.)

ಈಗ ನಮ್ಮ ಊರಿನ ಮಾತು. ಬಳ್ಳಾರಿಯಲ್ಲಿ ಇದು "ಜಿಂದಾಲ್ ಟೀಮ್". ಆ ಹೆಸರಿನಲ್ಲಿ ಪ್ರೀತಿ ಇದೆ, ನನಗೂ ಇದೆ. ನಮ್ಮ ಕಡೆಯ ಎಷ್ಟೋ ಮನೆಗಳ ಅನ್ನ ಆ ಕಾರ್ಖಾನೆಯಿಂದ ಬರುತ್ತದೆ. ಅದೇ ಗುಂಪಿನ ತಂಡ ಅಂದರೆ ನಮ್ಮದು ಅನ್ನಿಸೋದು ಸಹಜ. ಅಲ್ಲಿನ ವಿಜಯನಗರ ಟೌನ್‌ಶಿಪ್‌ನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ನೀರಜ್ ಚೋಪ್ರಾ ಅಭ್ಯಾಸ ಮಾಡಿದ ಜಾಗ. ಬಿಎಫ್‌ಸಿ ಸೀಸನ್ ಶುರುವಾಗುವ ಮುಂಚಿನ ಶಿಬಿರಕ್ಕೆ ಅಲ್ಲಿಗೆ ಬಂದಿದೆ. ಹಾಗಾಗಿ "ಗೆದ್ದಿದ್ದೆಲ್ಲ ಇಲ್ಲಿ ತಯಾರಾಗಿದ್ದು" ಅನ್ನೋ ನಂಬಿಕೆ ಬೆಳೆದಿದೆ.

ಆದರೆ ತಾರೀಖು ನೋಡಿ. ಆ ಸಂಸ್ಥೆ ಬಾಗಿಲು ತೆರೆದಿದ್ದು 2018ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್, ಒಂದು ಸೂಪರ್ ಕಪ್ ಎಲ್ಲಾ ಬಂದಾಗಿತ್ತು. ಅವುಗಳ ಬೆವರು ಬಿದ್ದಿದ್ದು ಬೆಂಗಳೂರಿನಲ್ಲಿ. ನಮ್ಮ ಮಣ್ಣಿಗೆ ಬರಬೇಕಾದ ಹೆಸರು ಮುಂದೆ ಬರುತ್ತದೆ, ಇಲ್ಲಿ ಕಲಿಯುತ್ತಿರುವ ಮಕ್ಕಳಿಂದ. ಬೇರೆಯವರ ದುಡಿಮೆಯನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳುವ ಅಗತ್ಯ ಇಲ್ಲ.

ಇದರ ಜೊತೆಗೇ ಇನ್ನೊಂದು. ಬಿಎಫ್‌ಸಿ ಬರುವ ಮೊದಲು ಬೆಂಗಳೂರಿನಲ್ಲಿ, ಕರ್ನಾಟಕದಲ್ಲಿ ಫುಟ್‌ಬಾಲೇ ಇರಲಿಲ್ಲ ಅಂತಾರಲ್ಲ, ಅದು ಕೇಳಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. ಸೈನ್ಯದ ತಂಡಗಳದ್ದೇ ದರ್ಬಾರು ಇದ್ದ ಟೂರ್ನಿ ಅದು. ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ನಮ್ಮದು. ಮರುವರ್ಷ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯದ ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಆಮೇಲೆ 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಎಚ್‌ಎಎಲ್, ಐಟಿಐ ತಂಡಗಳು ರಾಷ್ಟ್ರೀಯ ಲೀಗ್ ಆಡಿದ್ದವು. ಬಿಎಫ್‌ಸಿ ಖಾಲಿ ಹೊಲದಲ್ಲಿ ಬಿತ್ತಲಿಲ್ಲ.

2019ಕ್ಕೆ ಎಲ್ಲಾ ಮುಗೀತು ಅನ್ನೋದೂ ಪೂರ್ತಿ ಸರಿಯಲ್ಲ. 2022ರಲ್ಲಿ ಕೋಲ್ಕತ್ತದಲ್ಲಿ ಮುಂಬೈ ಸಿಟಿ ಮೇಲೆ 2-1ರಿಂದ ಗೆದ್ದು ಡುರಾಂಡ್ ಕಪ್ ತಂದರು. ಅದೇ ಸೀಸನ್‌ನಲ್ಲಿ ಐಎಸ್‌ಎಲ್ ಫೈನಲ್, ಸೂಪರ್ ಕಪ್ ಫೈನಲ್ ಎರಡನ್ನೂ ಮುಟ್ಟಿ ಸೋತರು. 2025ರ ಏಪ್ರಿಲ್‌ನಲ್ಲಿ ಮತ್ತೊಂದು ಐಎಸ್‌ಎಲ್ ಫೈನಲ್, ಮತ್ತೊಂದು ಸೋಲು.

(ತೆರೆಯ ಮೇಲೆ: ದೋಹಾ, 5 ನವೆಂಬರ್ 2016)

ಏಷ್ಯಾದ ಕಪ್ ಮಾತನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ನನ್ನ ಅಳಿಯ ಹೇಳಿದ ಹಾಗೆ ಬಿಎಫ್‌ಸಿ ಅದನ್ನು ಗೆದ್ದಿಲ್ಲ. ಫೈನಲ್‌ನಲ್ಲಿ ಸೋತಿತು. ಆದರೆ "ಸೋತಿತು" ಅಂತ ಒಂದೇ ಮಾತಲ್ಲಿ ಮುಗಿಸಿದರೆ ಅದೂ ಅನ್ಯಾಯ.

ಅದು ಎಎಫ್‌ಸಿ ಕಪ್. ಆಗ ಏಷ್ಯಾದ ಕ್ಲಬ್‌ಗಳ ಎರಡನೇ ಹಂತದ ಟೂರ್ನಿ, ಚಾಂಪಿಯನ್ಸ್ ಲೀಗ್ ಅಲ್ಲ. 2008ರಲ್ಲಿ ಡೆಂಪೊ, 2013ರಲ್ಲಿ ಈಸ್ಟ್ ಬೆಂಗಾಲ್ ಸೆಮಿಫೈನಲ್‌ವರೆಗೆ ಹೋಗಿ ನಿಂತಿದ್ದವು. ಫೈನಲ್ ಅಂತ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಬಿಎಫ್‌ಸಿ. ಮೂರು ವರ್ಷದ ಮಗು. ಕೋಚ್ ಆಲ್ಬರ್ಟ್ ರೋಕಾ ಆಗಷ್ಟೇ ಬಂದಿದ್ದರು. ಹಾಂಗ್‌ಕಾಂಗ್‌ನ ಕಿಚಿ, ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ದಾಟಿ ಸೆಮಿಫೈನಲ್‌ಗೆ ಬಂದರು. ಎದುರಿಗೆ ಮಲೇಷ್ಯಾದ ಜೊಹೋರ್, ಹಿಂದಿನ ವರ್ಷದ ಚಾಂಪಿಯನ್. ಅವರ ನೆಲದಲ್ಲಿ 1-1.

ಅಕ್ಟೋಬರ್ 19, ಕಂಠೀರವ. 11ನೇ ನಿಮಿಷದಲ್ಲೇ ಜೊಹೋರ್ ಗೋಲು. ಸ್ಟೇಡಿಯಂ ತಣ್ಣಗಾಯಿತು. 41ನೇ ನಿಮಿಷ ಛೆಟ್ರಿ ತಲೆಯಿಂದ ಸಮ ಮಾಡಿದರು. 67ನೇ ನಿಮಿಷ ಮತ್ತೆ ಛೆಟ್ರಿ, ದೂರದಿಂದ ಹೊಡೆದ ಹೊಡೆತ. 75ಕ್ಕೆ ಹುವಾನನ್. 3-1. ನಾನು ಅವತ್ತು ಬಳ್ಳಾರಿಯಲ್ಲೇ ಇದ್ದೆ, ಗಡಿಗಿ ಚೆನ್ನಪ್ಪ ಸರ್ಕಲ್ ಹತ್ತಿರ ಗೆಳೆಯನ ರೂಮಿನಲ್ಲಿ. ಎರಡನೇ ಗೋಲಿಗೆ ನಾವು ಕೂಗಿದ ಕೂಗಿಗೆ ಕೆಳಗಿನ ಮನೆಯ ಅಜ್ಜಿ ಏನಾಯ್ತೋ ಅಂತ ಮೆಟ್ಟಿಲು ಹತ್ತಿ ಬಂದರು. ವಿಷಯ ಹೇಳಿದೆವು. "ಏಷ್ಯಾದಾಗ ಆಡ್ತಾರಾ? ಒಳ್ಳೇದಾತು ಬಿಡ್ರಪ್ಪ" ಅಂತ ಕೂತು ಉಳಿದಷ್ಟೂ ಆಟ ನೋಡಿದರು.

ಫೈನಲ್ ದೋಹಾದಲ್ಲಿ, ಇರಾಕಿನ ಅಲ್-ಖುವಾ ಅಲ್-ಜಾವಿಯಾ ಎದುರು. ಹೆಸರಿನ ಅರ್ಥ ವಾಯುಪಡೆ. ಯುದ್ಧದ ಕಾರಣಕ್ಕೆ ಸ್ವಂತ ದೇಶದಲ್ಲಿ ಈ ಪಂದ್ಯ ಆಡುವ ಹಾಗಿರಲಿಲ್ಲ, ಅವರ ತವರು ಪಂದ್ಯವೇ ಕತಾರ್‌ನಲ್ಲಿ ನಡೆಯಿತು. ನಮ್ಮ ಗೋಲ್‌ಕೀಪರ್ ಅಮರಿಂದರ್ ಸಿಂಗ್‌ಗೆ ಕಾರ್ಡ್‌ಗಳಿಂದಾಗಿ ಆಡೋಕೆ ಅವಕಾಶ ಇರಲಿಲ್ಲ. ಆ ಜಾಗಕ್ಕೆ ರಾಲ್ಟೆ ಬಂದರು. 70 ನಿಮಿಷ ತಡೆದರು. 71ರಲ್ಲಿ ಹಮ್ಮಾದಿ ಅಹ್ಮದ್ ಹೊಡೆದರು, ಆ ಟೂರ್ನಿಯಲ್ಲಿ ಅದು ಅವರ 16ನೇ ಗೋಲು. 0-1. ಅದೇ ಇರಾಕಿ ತಂಡ 2017ರಲ್ಲೂ, 2018ರಲ್ಲೂ ಈ ಕಪ್ ಗೆದ್ದಿತು. ನಮ್ಮವರು ಸೋತಿದ್ದು ಅಂಥವರಿಗೆ, ಒಂದೇ ಗೋಲಿನಿಂದ.

ಇಷ್ಟೆಲ್ಲ ಹುಡುಗರಿಗೆ ಹೇಳಿದಾಗ ಒಗ್ಗರಣೆ ಆರಿಹೋಗಿತ್ತು. ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಬೆರಳು ಮಡಚಿ ಲೆಕ್ಕ ಹಾಕಿದ. ಐ-ಲೀಗ್ ಎರಡು, ಫೆಡರೇಷನ್ ಕಪ್ ಎರಡು, ಸೂಪರ್ ಕಪ್ ಒಂದು, ಐಎಸ್‌ಎಲ್ ಒಂದು, ಡುರಾಂಡ್ ಒಂದು. "ಏಳು," ಅಂದ. ಆಮೇಲೆ, "ಮಾಮಾ, ಆ ಜೊಹೋರ್ ಗೋಲು ತೋರಿಸು." ಫೋನ್ ತೆಗೆದು ತೋರಿಸಿದೆ. ಮೂರು ಸಲ ನೋಡಿದರು, ಕೌಲ್ ಬಜಾರಿನ ಹುಡುಗನೂ ಬಗ್ಗಿ ಬಗ್ಗಿ ನೋಡಿದ. ಆಮೇಲೆ ಇಬ್ಬರೂ ಎದ್ದು ಚೆಂಡು ತೆಗೆದುಕೊಂಡು ಹೋದರು. ಚಪ್ಪಲಿ ಇಟ್ಟಿದ್ದ ಗೋಲಿನಿಂದ ಹೆಜ್ಜೆ ಎಣಿಸಿ ದೂರ ನಿಂತು, ಒಬ್ಬ ಆದಮೇಲೆ ಒಬ್ಬ, ಕತ್ತಲಾಗಿ ಚೆಂಡು ಕಾಣದೇ ಹೋಗುವವರೆಗೂ ಹೊಡೆಯುತ್ತಲೇ ಇದ್ದರು.

(ದೃಶ್ಯ: ಮೈದಾನ, ಕತ್ತಲು. ಚೆಂಡು ಬಡಿಯುವ ಸದ್ದು ಮಾತ್ರ.)